ಇಲ್ಲದ ದೊಡ್ಡಮ್ಮನಿಗೆ ಹೆಣೆದ ಸ್ವೆಟರುಗಳು

ನನ್ನ ಗೆಳತಿ ಇಪ್ಪತ್ತಾರು ಚಳಿಗಾಲಗಳಲ್ಲಿ ಇಪ್ಪತ್ತಾರು ಸ್ವೆಟರ್ ಹೆಣೆದು ತನ್ನ ದೊಡ್ಡಮ್ಮನಿಗೆ ಕಳಿಸಿದಳು. ಆ ದೊಡ್ಡಮ್ಮ ಎಂಬವರು ಹುಟ್ಟಿಯೇ ಇರಲಿಲ್ಲ. ಇದು ಗೊತ್ತಾದಾಗ ಅವಳಿಗೆ ನಲವತ್ತೈದು, ನನಗೆ ನಲವತ್ತಾರು. ಗೊತ್ತಾದ ಗಳಿಗೆಯಲ್ಲಿ ನಾನು ಅವಳ ಪಕ್ಕದಲ್ಲೇ ನಿಂತಿದ್ದೆ.

ನಮ್ಮ ಬೀದಿಯಲ್ಲಿ ಅವಳನ್ನು ಯಾಕಮ್ಮ ಅಂತಲೇ ಕರೆಯುವುದು. ಚಿಕ್ಕವಳಿದ್ದಾಗ ಕಂಡದ್ದಕ್ಕೆಲ್ಲ ‘ಯಾಕೆ’ ಎನ್ನುತ್ತಿದ್ದಳು. ಚಪ್ಪಲಿ ಹೊಲಿಯುವ ತಾತ ಮೊದಲು ಹಾಗೆ ಕರೆದದ್ದು, ಅದೇ ಅಂಟಿಕೊಂಡಿತು. ಹೊಸಬರು ಯಾರಾದರೂ ‘ಯಾಕಮ್ಮ?’ ಎಂದು ಕೂಗಿದರೆ ಈಗಲೂ ನಿಂತು, ‘ಯಾಕೆ ಅಂತ ಕೇಳ್ತಿದ್ದೀರೋ, ನನ್ನನ್ನ ಕರೀತಿದ್ದೀರೋ?’ ಎಂದು ಖಚಿತ ಮಾಡಿಕೊಂಡೇ ಮುಂದಿನ ಮಾತು.

ಅವಳದು ಹಲ್ಲು ಮಾಡುವ ಕೆಲಸ. ದೊಡ್ಡ ರಸ್ತೆಯ ದಂತವೈದ್ಯರ ಕ್ಲಿನಿಕ್ಕಿನ ಹಿಂದೆ, ಒಂದೇ ಕಿಟಕಿಯ ಕೋಣೆಯಲ್ಲಿ ಕೂತು, ಬಾಯಿಯ ಪ್ಲಾಸ್ಟರ್ ಅಚ್ಚುಗಳ ಮೇಲೆ ಮೇಣ ಕೂರಿಸಿ ಕಟ್ಟುಹಲ್ಲು ತಯಾರಿಸುತ್ತಾಳೆ. ಬಿಳಿಯಲ್ಲಿ ಹದಿನಾರು ಬಗೆಯಿದೆ, ಅಪ್ಪಟ ಬಿಳಿ ಹಲ್ಲು ಸತ್ತವರಿಗೂ ಇರುವುದಿಲ್ಲ ಎನ್ನುತ್ತಾಳೆ. ಮುಖ ಮರೆತರೂ ಹಲ್ಲು ಮರೆಯಳು. ‘ನಿಮ್ಮ ಮೇಲಿನ ಸೆಟ್ಟು ಸಡಿಲ ಆಗಿದೆ, ಮಾತಾಡಿದ್ರೆ ಶಿಳ್ಳೆ ಬರ್ತಿದೆ, ಬುಧವಾರ ಬನ್ನಿ’ ಎಂದು ತುಂಬಿದ ಬಸ್ಸಿನಲ್ಲಿ ಹೇಳಿದ್ದಿದೆ. ಹೇಳಿಸಿಕೊಂಡವರು ಬಾಯಿ ಮುಚ್ಚಿಕೊಂಡು ಇಳಿದುಹೋಗಿ, ಬುಧವಾರ ಬಂದದ್ದೂ ಇದೆ.

ನನ್ನದು ಇಸ್ತ್ರಿ ಅಂಗಡಿ, ಅಪ್ಪನಿಂದ ಬಂದದ್ದು. ಅವಳು ಕೆಲಸದಿಂದ ಬರುವಾಗ ದಿನವೂ ಆರು ಗಂಟೆಗೆ ನನ್ನ ಬೆಂಚಿನ ಮೇಲೆ ಕೂತು ಇಪ್ಪತ್ತು ನಿಮಿಷ ಮಾತಾಡಿ ಹೋಗುತ್ತಾಳೆ. ಅವಳ ಇಪ್ಪತ್ತು ನಿಮಿಷದಲ್ಲಿ ಹತ್ತು ಅವಳದು, ಹತ್ತು ನನ್ನದು. ‘ಈಗ ನಿನ್ನ ಸರದಿ’ ಎಂದು ಬಾಯಿಬಿಟ್ಟು ಹೇಳಿಯೇ ಬಿಟ್ಟುಕೊಡುತ್ತಾಳೆ. ಮೂವತ್ತಾರನೇ ವಯಸ್ಸಿನಲ್ಲಿ ದಂತವೈದ್ಯರ ಸಲಹೆಯಂತೆ ಪರೀಕ್ಷೆ ಮಾಡಿಸಿಕೊಂಡು ಬಂದು, ಇದೇ ಬೆಂಚಿನ ಮೇಲೆ ಕೂತು, ‘ನನಗೆ ಆಟಿಸಂ ಅಂತೆ. ನಿನಗೆ ಇಲ್ಲವಂತೆ, ನಿನ್ನದನ್ನೂ ಕೇಳ್ಕೊಂಡು ಬಂದೆ’ ಎಂದಿದ್ದಳು. ಚಪ್ಪಲಿಯ ಅಳತೆ ಹೇಳಿದಷ್ಟೇ ಸಲೀಸಾಗಿ. ಬೀದಿಯೂ ಅಷ್ಟಕ್ಕೇ ತೆಗೆದುಕೊಂಡಿತು. ಸಾವು ನೋವು, ಜಗಳ ಪಂಚಾಯಿತಿ ಯಾವುದೂ ಅವಳಿಲ್ಲದೆ ನಡೆಯುತ್ತಿರಲಿಲ್ಲ. ಸುಳ್ಳು ಹೇಳಲು ಬಾರದವಳು ಒಬ್ಬಳಿರಲಿ ಎಂದು ಕರೆಯುತ್ತಿದ್ದರು.

ಅವಳಪ್ಪ ಹಡಗಿನಲ್ಲಿ ಅಡುಗೆಯವರು. ವರ್ಷಕ್ಕೊಂದು ತಿಂಗಳು ಮನೆಯಲ್ಲಿರುತ್ತಿದ್ದವರು, ಅವಳ ಕಾಲೇಜು ಮುಗಿಯುವ ಮೊದಲೇ ತೀರಿಕೊಂಡರು. ಸಾಕಿದ್ದೆಲ್ಲ ಅಮ್ಮ. ಆಕೆ ಬೇಕರಿಯಲ್ಲಿ ಬ್ರೆಡ್ ಕತ್ತರಿಸಿ ಕಟ್ಟುವ ಕೆಲಸಕ್ಕಿದ್ದರು. ಬೇಕರಿಗೆ ಗುರುವಾರ ರಜೆ. ಪ್ರತಿ ಗುರುವಾರ ಬೆಳಿಗ್ಗೆ ಚೀಲ ಹಿಡಿದು, ಸೇತುವೆಯಾಚೆ ಇರುವ ಅಕ್ಕನ ಮನೆಗೆಂದು ಹೊರಟರೆ ಸಂಜೆಗೆ ವಾಪಸ್ಸು. ಕೆಲಸದಿಂದ ನಿವೃತ್ತಿಯಾದ ಮೇಲೂ ಅದು ತಪ್ಪಲಿಲ್ಲ. ಆ ಅಕ್ಕ ಒಂದು ದಿನವೂ ನಮ್ಮ ಬೀದಿಗೆ ಕಾಲಿಡಲಿಲ್ಲ. ‘ನಾನೂ ಬರ್ತೀನಿ’ ಎಂದು ಯಾಕಮ್ಮ ಕೇಳಿದಾಗಲೆಲ್ಲ, ‘ದೊಡ್ಡಮ್ಮನಿಗೆ ಜನ ಕಂಡ್ರೆ ಆಗಲ್ಲ ಕಣೇ’ ಎಂಬ ಉತ್ತರ. ಯಾಕಮ್ಮನಿಗೂ ಕೆಲವು ದಿನ ಜನ ಕಂಡರೆ ಆಗುತ್ತಿರಲಿಲ್ಲವಾದ್ದರಿಂದ ಅದು ಅವಳಿಗೆ ಸರಿಯಾದ ಕಾರಣವಾಗಿಯೇ ಕಂಡಿತ್ತು. ಹೋಗಲಾಗದಿದ್ದರೇನು ಎಂದು ಹತ್ತೊಂಬತ್ತನೇ ವಯಸ್ಸಿನಿಂದ ವರ್ಷಕ್ಕೊಂದು ಸ್ವೆಟರ್ ಹೆಣೆದುಕೊಟ್ಟಳು. ದೊಡ್ಡಮ್ಮನಿಗೂ ಒಳಹೊಲಿಗೆ ಚುಚ್ಚುತ್ತದಂತೆ ಎಂದು ಅಮ್ಮ ಹೇಳಿದ್ದಕ್ಕೆ, ತನ್ನ ಬಟ್ಟೆಗೆ ಮಾಡಿಕೊಳ್ಳುವಂತೆಯೇ ಹೊಲಿಗೆಯನ್ನೆಲ್ಲ ಹೊರಗಡೆಗೆ ಬರುವ ಹಾಗೆ ಹೊಲಿದು ಕಳಿಸುತ್ತಿದ್ದಳು.

ಹೋದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಎಪ್ಪತ್ತೆರಡು ವಯಸ್ಸು. ಆಪರೇಷನ್ ಆಯಿತು, ಆಮೇಲೆ ಜ್ವರ ಬಂತು. ಜ್ವರದಲ್ಲಿ ‘ಗುರುವಾರ, ಗುರುವಾರ’ ಎಂದು ಕನವರಿಸುತ್ತಿದ್ದರು. ‘ದೊಡ್ಡಮ್ಮನಿಗೆ ಫೋನ್ ಮಾಡ್ಲಾ?’ ಎಂದು ಯಾಕಮ್ಮ ಕೇಳಿದರೆ ಬೇಡವೆಂದು ತಲೆಯಾಡಿಸುತ್ತಿದ್ದರು. ಮೂರು ವಾರ ಹೀಗೇ ಕಳೆಯಿತು. ನಾಲ್ಕನೇ ವಾರ ಯಾಕಮ್ಮ ನನ್ನ ಬೆಂಚಿನ ಮೇಲೆ ಕೂತಿದ್ದಾಗ ಅವಳ ಚೀಲದಲ್ಲಿದ್ದ ಅಮ್ಮನ ಫೋನು ಹೊಡೆದುಕೊಂಡಿತು. ಅವಳು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು; ಕಿವಿಗೆ ಒತ್ತಿಕೊಂಡರೆ ಅವಳಿಗೆ ಆಗದು.

‘ಏನಮ್ಮ, ಮೂರು ಗುರುವಾರ ಆಯ್ತು, ಬರ್ಲೇ ಇಲ್ಲ?’ ಹೆಂಗಸಿನ ದನಿ. ‘ನಿಮ್ಮ ತಮ್ಮ ಊಟ ಬಿಟ್ಟಿದ್ದಾರೆ. ಬೆಳಿಗ್ಗೆಯಿಂದ ಸಂಜೆವರೆಗೂ ಗೇಟ್ ಹತ್ರನೇ ನಿಂತಿರ್ತಾರೆ.’

‘ನನಗೆ ತಮ್ಮ ಇಲ್ಲ’ ಎಂದಳು ಯಾಕಮ್ಮ.

‘ಇದು ಯಾರ ಫೋನು?’

‘ನಮ್ಮಮ್ಮನದು. ಅವರು ಆಸ್ಪತ್ರೆಯಲ್ಲಿದ್ದಾರೆ.’

‘ಹಾಗಾದ್ರೆ ನೀವು ಅವರ ಮಗಳು. ಇವರು ನಿಮ್ಮ ಸೋದರಮಾವ ಆಗ್ಬೇಕು. ನಿಮಗೆ ಗೊತ್ತಿಲ್ವಾ?’

ನನ್ನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಎಲ್ಲಿಟ್ಟೆನೋ ನನಗೇ ತಿಳಿಯಲಿಲ್ಲ. ಯಾಕಮ್ಮ ಮಾತ್ರ ವಿಳಾಸ ಕೇಳಿ ಬರೆದುಕೊಂಡಳು. ಬರೆದು ಮುಗಿಸಿ, ‘ಇದು ಸೇತುವೆಯಾಚೆ’ ಎಂದಳು.

ಮರುದಿನ ಇಬ್ಬರೂ ಹೋದೆವು. ಯಾರೂ ಇಲ್ಲದವರನ್ನು, ಮನೆಯವರಿಗೆ ಬೇಡವಾದವರನ್ನು ಇಟ್ಟುಕೊಳ್ಳುವ ಮನೆ ಅದು. ಉದ್ದನೆಯ ಹಜಾರ, ಒರೆಸಿ ಒರೆಸಿ ಹೂವು ಅಳಿಸಿಹೋದ ಮೇಜುಬಟ್ಟೆಗಳು, ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಕುರ್ಚಿಗಳು. ಫೋನ್ ಮಾಡಿದ್ದ ಮೇಲ್ವಿಚಾರಕಿ ನಮ್ಮನ್ನು ಗೇಟಿನ ಪಕ್ಕದ ಕಿಟಕಿಯ ಬಳಿ ಕರೆದೊಯ್ದರು.

ಅಲ್ಲಿ ಒಬ್ಬ ಮುದುಕ ಬೆನ್ನು ತಿರುಗಿಸಿ ನಿಂತಿದ್ದರು. ಮೈಮೇಲೆ ನೀಲಿ ಸ್ವೆಟರ್. ಹೊಲಿಗೆಯೆಲ್ಲ ಹೊರಗಿತ್ತು.

‘ಅದು ಹದಿನೇಳನೆಯದು’ ಎಂದಳು ಯಾಕಮ್ಮ. ‘ನೂಲು ಸಾಲದೆ ತೋಳಿಗೆ ಬೇರೆ ನೀಲಿ ಹಾಕಿದ್ದೆ.’

ಆ ದನಿ ಕೇಳಿ ಅವರು ತಿರುಗಿದರು. ದೇವರೇ, ಅದೇ ಹಣೆ! ಹುಬ್ಬಿನ ನಡುವಿನ ಗೆರೆಯೂ ಅದೇ. ಇಷ್ಟೇ ಆಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಏನಾದರೂ ಯೋಚಿಸುವಾಗ ಯಾಕಮ್ಮ ಬಲಗೈ ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳ ತುದಿಗೆ ಒಂದೊಂದಾಗಿ ತಾಗಿಸುತ್ತ ಹೋಗುತ್ತಾಳೆ, ಹೋಗಿ ವಾಪಸ್ಸು ಬರುತ್ತಾಳೆ. ನಲವತ್ತು ವರ್ಷದಿಂದ ನೋಡುತ್ತಿದ್ದೇನೆ. ಆಗಲೂ ಅವಳ ಬೆರಳು ಹಾಗೇ ಓಡುತ್ತಿದ್ದವು. ಎದುರಿಗೆ ಆ ಮುದುಕನ ಬೆರಳೂ ಓಡುತ್ತಿದ್ದವು. ಅದೇ ವೇಗ, ಅದೇ ಹೋಗಿ ಬರುವುದು. ಒಬ್ಬರನ್ನೊಬ್ಬರು ಹುಟ್ಟಿದಾಗಿನಿಂದ ನೋಡಿಲ್ಲದ ಇಬ್ಬರು!

ಕಣ್ಣಿಗೆ ಬಿದ್ದ ಕೂದಲನ್ನು ಹಿಂದಕ್ಕೆ ಸರಿಸಲು ಯಾಕಮ್ಮ ಕೈಯೆತ್ತಿದಳು. ಅಷ್ಟೇ. ಆ ಮನುಷ್ಯ ತಟ್ಟನೆ ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಗೋಡೆಗೆ ಒತ್ತಿಕೊಂಡು ಕುಸಿದು ಕೂತರು.

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಮೇಲ್ವಿಚಾರಕಿಗೆ ಮಾತ್ರ ಇದು ಹೊಸತಲ್ಲ. ‘ಯಾರು ಕೈ ಎತ್ತಿದ್ರೂ ಹೀಗೇ. ನಾನು ಬಂದು ಇಪ್ಪತ್ತೆರಡು ವರ್ಷ ಆಯ್ತು, ಒಂದು ಮಾತಾಡಿಲ್ಲ, ಯಾರ ಪಕ್ಕದಲ್ಲೂ ಕೂತಿಲ್ಲ. ಡಾಕ್ಟರು ಆಟಿಸಂ ಅಂತ ಬರೆದಿದ್ದಾರೆ. ಅದು ಹುಟ್ಟಿದಾಗಿಂದ ಬಂದದ್ದಿರಬಹುದು. ಈ ಹೆದರಿಕೆ ಹುಟ್ಟಿದಾಗಿಂದ ಬಂದದ್ದಲ್ಲ, ಅಷ್ಟು ನಾನು ಹೇಳಬಲ್ಲೆ.’

ಯಾಕಮ್ಮ ನೆಲದ ಮೇಲೆ, ಅವರಿಂದ ದೂರದಲ್ಲಿ ಕೂತಳು. ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಳು. ಅರ್ಧ ಗಂಟೆ ಹಾಗೇ ಕೂತಿದ್ದಳು. ಕೊನೆಗೆ ಅವರು ಕೈ ತೆಗೆದು ಉಸಿರುಬಿಟ್ಟಾಗ ಬಾಯಿ ಸ್ವಲ್ಪ ತೆರೆಯಿತು. ಅವಳು ಕತ್ತು ಚಾಚಿ ನೋಡಿದಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಹೇಳಿದ್ದು: ‘ಮೇಲಿನ ಎರಡು ಮುಂದಿನ ಹಲ್ಲು ಅರ್ಧಕ್ಕೆ ಮುರಿದಿದೆ. ಮುರಿದ ಅಂಚು ಸವೆದು ಗಾಜಿನ ಹಾಗೆ ನುಣುಪಾಗಿದೆ. ಅಷ್ಟು ಸವೆಯೋದಕ್ಕೆ ಐವತ್ತರವತ್ತು ವರ್ಷ ಬೇಕು. ಹೊಸ ಹಲ್ಲು ಬಂದ ಒಂದೆರಡು ವರ್ಷದೊಳಗೆ ಮುರಿದದ್ದು.’

ನೇರ ಆಸ್ಪತ್ರೆಗೆ ಹೋದೆವು. ಜ್ವರ ಇಳಿದಿತ್ತು; ಅಮ್ಮ ದಿಂಬಿಗೊರಗಿ ಕೂತಿದ್ದರು. ಯಾಕಮ್ಮ ಚೀಲ ಕೆಳಗಿಡಲಿಲ್ಲ, ಹೇಗಿದ್ದೀಯ ಎನ್ನಲಿಲ್ಲ.

‘ಅಮ್ಮ, ಮಾವನ ಮುಂದಿನ ಹಲ್ಲು ಯಾರು ಮುರಿದದ್ದು?’

ಪಕ್ಕದ ಮಂಚದವರೂ ತಿರುಗಿ ನೋಡಿದರು. ‘ನಮ್ಮಪ್ಪ’ ಎಂದರು ಅಮ್ಮ.

ಆಮೇಲೆ ಒಂದೊಂದೇ ಹೊರಬಂತು. ಅವರ ಅಪ್ಪ ಶಾಲೆಯ ಮುಖ್ಯೋಪಾಧ್ಯಾಯರು. ಊರಿನ ಮಕ್ಕಳನ್ನೆಲ್ಲ ಸರಿಮಾಡಿದವರಿಗೆ ಸ್ವಂತ ಮಗ ಸರಿಯಿಲ್ಲ ಎಂಬುದು ತಲೆತಗ್ಗಿಸುವ ವಿಷಯ. ಮಗ ಮುಖ ನೋಡಿ ಮಾತಾಡುತ್ತಿರಲಿಲ್ಲ, ಗದ್ದ ಹಿಡಿದು ತಿರುಗಿಸುತ್ತಿದ್ದರು. ಒಂದೇ ವಿಷಯ ಹೇಳಿದ್ದನ್ನೇ ಹೇಳುತ್ತಿದ್ದ, ಬಾಯಿಗೆ ಹೊಡೆಯುತ್ತಿದ್ದರು.

‘ಅವನಿಗೆ ಮಾತು ಬರ್ತಿತ್ತು ಕಣೇ’ ಎಂದರು ಅಮ್ಮ. ‘ನಿನಗಿಂತ ಚೆನ್ನಾಗಿ ಬರ್ತಿತ್ತು. ಪಕ್ಷಿಗಳ ಹೆಸರೆಲ್ಲ ಹೇಳೋನು. ಏಳು ವರ್ಷದವನಿದ್ದಾಗ ಒಂದಿನ, ಮನೆಗೆ ಬಂದ ಸಾಹೇಬರ ಮುಂದೆ, ನಿಮ್ಮ ಬಾಯಿ ವಾಸನೆ ಬರುತ್ತೆ ಅಂದುಬಿಟ್ಟ. ಅವರು ಹೋದ ಮೇಲೆ ಅಪ್ಪ ರೂಲುದೊಣ್ಣೆ ತಗೊಂಡ್ರು. ಅವತ್ತೇ ಹಲ್ಲು ಮುರಿದದ್ದು. ಆಮೇಲೆ ಅವನು ಮಾತು ಕಡಿಮೆ ಮಾಡ್ತಾ ಬಂದ. ಒಂದು ವರ್ಷದಲ್ಲಿ ಪೂರ್ತಿ ನಿಲ್ಲಿಸಿಬಿಟ್ಟ. ಯಾರಾದ್ರೂ ಮನೆಗೆ ಬಂದ್ರೆ ಹಿಂದಿನ ಕೋಣೇಲಿ ಕೂಡಿಹಾಕೋದು. ಬೀದಿ ಮಕ್ಕಳ ಜೊತೆ ಆಟ ಇಲ್ಲ, ಶಾಲೆ ಇಲ್ಲ. ಹದಿನಾಲ್ಕಕ್ಕೆ ಆ ಮನೆಗೆ ಕಳಿಸಿದ್ರು.’

‘ನಿಮ್ಮಮ್ಮ ಏನೂ ಹೇಳ್ಲಿಲ್ವಾ?’ ಎಂದು ನಾನು ಕೇಳಿದೆ.

‘ಅಮ್ಮ ಅಡುಗೆಮನೆಯಿಂದ ಆಚೆ ಬರ್ತಿರಲಿಲ್ಲ.’ ಆಕೆ ಹೊದಿಕೆಯನ್ನು ಮುದ್ದೆ ಮಾಡಿ ಹಿಡಿದರು. ‘ಬೀಗ ಹಾಕ್ತಿದ್ದದ್ದು ನಾನು. ನನಗಾಗ ಹನ್ನೊಂದು ವರ್ಷ. ಬಾಗಿಲಲ್ಲಿ ಯಾರಾದ್ರೂ ಬಂದ ಸದ್ದಾದ್ರೆ ಅಪ್ಪ ನನ್ನ ಕಡೆ ನೋಡೋರು. ನಾನು ಅವನ ಕೈ ಹಿಡ್ಕೊಂಡು ಹೋಗಿ ಒಳಗೆ ಬಿಟ್ಟು ಬೀಗ ಹಾಕೋಳು. ಅವನು ನನ್ನ ಜೊತೆ ಸುಮ್ಮನೆ ಬರ್ತಿದ್ದ. ಬೇರೆಯವರು ಕರೆದ್ರೆ ಬರ್ತಿರಲಿಲ್ಲ, ನನ್ನ ಜೊತೆ ಬರ್ತಿದ್ದ.’

ಈ ಹೆಂಗಸನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ನಮ್ಮ ಬೀದಿಯಲ್ಲಿ ಇವರಷ್ಟು ಮೆತ್ತನೆಯ ಮನಸ್ಸಿನವರು ಇನ್ನೊಬ್ಬರಿಲ್ಲ ಅಂದುಕೊಂಡಿದ್ದೆ. ನಾನು ಕಿಟಕಿಯ ಕಡೆ ಮುಖ ಮಾಡಿದೆ.

ಮದುವೆಯಾಗಿ ಬಂದ ಮೇಲೆ ಆಕೆ ತಮ್ಮನನ್ನು ನೆನಪಿನಿಂದಲೇ ತೆಗೆದುಹಾಕಿದ್ದರಂತೆ. ಯಾಕಮ್ಮನಿಗೆ ಆರು ವರ್ಷವಾದಾಗ ಶಾಲೆಯವರು ಕರೆಸಿ, ಈ ಮಗು ಯಾರ ಜೊತೆಗೂ ಬೆರೆಯುವುದಿಲ್ಲ, ಮುಖ ನೋಡುವುದಿಲ್ಲ, ಮುಟ್ಟಿದರೆ ಕಿರುಚುತ್ತದೆ ಎಂದರು. ‘ಮಗ್ಗುಲಲ್ಲಿ ನಿಂತಿದ್ದ ನಿನ್ನ ಬೆರಳು ನೋಡಿದೆ. ಎದೆ ಒಡೆದುಹೋಯ್ತು. ಆ ಗುರುವಾರವೇ ಅವನನ್ನ ಹುಡುಕ್ಕೊಂಡು ಹೋದೆ, ಹದಿನೈದು ವರ್ಷದ ಮೇಲೆ. ನಾನು ಕೈ ಮುಂದೆ ಮಾಡಿದ್ರೆ ಬಾಯಿ ಮುಚ್ಕೊಂಡ. ಅವತ್ತು ಸಂಜೆ ಮನೆಗೆ ಬರಲಿಲ್ಲ ನಾನು. ಬೀದಿಯ ಈ ತುದಿಯಿಂದ ಶುರು ಮಾಡಿ ಆ ತುದಿವರೆಗೆ ಒಂದೊಂದು ಮನೆ, ಒಂದೊಂದು ಅಂಗಡಿ ಹತ್ತಿ ಇಳಿದೆ.’

‘ಯಾಕೆ?’ ಎಂದಳು ಯಾಕಮ್ಮ.

‘ಕೈಮುಗಿದು ಕೇಳ್ಕೊಂಡೆ. ನನ್ನ ಮಗಳು ಬಂದ್ರೆ ಹಿಂದಿನಿಂದ ಮುಟ್ಟಬೇಡಿ. ಮುಖ ನೋಡು ಅನ್ನಬೇಡಿ. ಏನಾದ್ರೂ ಕೇಳಿದ್ರೆ ಹತ್ತು ಎಣಿಸೋವರೆಗೆ ಕಾಯಿರಿ, ಉತ್ತರ ಬರುತ್ತೆ. ಅವಳು ಮಾತು ನಿಲ್ಲಿಸದೇ ಇದ್ರೆ ಮುಖ ಸಿಂಡರಿಸಬೇಡಿ, ಈಗ ನನ್ನ ಸರದಿ ಅಂತ ಬಾಯಲ್ಲೇ ಹೇಳಿ. ದಿನಾ ಐದು ಅಂಗಡಿಗೆ ಒಂದೊಂದು ಕೆಲಸಕ್ಕೆ ನಿನ್ನ ಕಳಿಸ್ತಿದ್ದೆನಲ್ಲ, ದಾರ, ಗುಂಡಿ, ಅಂಚೆಚೀಟಿ ಅಂತ? ನಮಗೆ ಅಷ್ಟು ಗುಂಡಿ ಎಲ್ಲಿ ಬೇಕಿತ್ತು? ಡಬ್ಬಿ ತುಂಬ ಬಿದ್ದಿತ್ತು. ನೀನು ಹೋಗ್ಬೇಕಿತ್ತು, ಕೇಳ್ಬೇಕಿತ್ತು, ಅವರು ಕಾಯ್ಬೇಕಿತ್ತು. ಅದಕ್ಕೆ.’

ಯಾಕಮ್ಮನ ಬೆರಳು ನಿಂತುಹೋಗಿದ್ದವು. ‘ಎಲ್ಲರಿಗೂ ಹೇಳಿದ್ಯಾ?’

‘ಎಲ್ಲರಿಗೂ.’ ಆಕೆ ನನ್ನ ಕಡೆ ನೋಡಿದರು. ಆ ನೋಟ ನನಗೆ ಇಷ್ಟವಾಗಲಿಲ್ಲ. ‘ಇವಳಿಗೂ. ಇವಳಿಗೆ ಏಳು ವರ್ಷ. ದಿನಾ ನನ್ನ ಮಗಳ ಜೊತೆ ಶಾಲೆಗೆ ನಡಿ, ಯಾರಾದ್ರೂ ನಕ್ರೆ ಕೈ ಬಿಡಬೇಡ, ಮಧ್ಯಾಹ್ನ ಜೊತೆಗೆ ಕೂರು ಅಂದೆ. ದಿನಾ ಒಂದು ಸಿಹಿ ಬನ್ ಕೊಡ್ತೀನಿ ಅಂತ ಒಪ್ಪಂದ.’

ನನ್ನ ತಲೆಯ ಮೇಲೆ ಛಾವಣಿ ಕಳಚಿಬಿದ್ದಂತಾಯಿತು. ಬನ್ ನೆನಪಿತ್ತು. ಬಾಗಿಲಲ್ಲಿ ನಿಂತು, ಕಾಗದದಲ್ಲಿ ಸುತ್ತಿದ ಬೆಚ್ಚನೆಯ ಬನ್ ನನ್ನ ಕೈಗಿಡುತ್ತಿದ್ದ ಅವರ ಕೈ ನೆನಪಿತ್ತು. ಅದನ್ನು ನನ್ನ ಮೇಲಿನ ಪ್ರೀತಿ ಎಂದೇ ಇಷ್ಟು ವರ್ಷ ಇಟ್ಟುಕೊಂಡಿದ್ದೆ. ಒಪ್ಪಂದದ ಮಾತು ಮಾತ್ರ ಎಲ್ಲಿ ಹೋಗಿತ್ತೋ! ಆಕೆ ಹೇಳಿದ ಮರುಕ್ಷಣ ಪೂರ್ತಿ ಎದ್ದುಬಂತು: ಅವರ ಮನೆಯ ಮೆಟ್ಟಿಲು, ಅವರು ಕುಕ್ಕರುಗಾಲಲ್ಲಿ ಕೂತು ನನ್ನ ಸಮಕ್ಕೆ ಮುಖ ತಂದದ್ದು, ನಾನು ‘ಒಳಗೆ ಜಾಮ್ ಇರೋದಾ?’ ಎಂದು ಕೇಳಿದ್ದು.

ಯಾಕಮ್ಮ ನನ್ನ ಕಡೆ ನೋಡಲಿಲ್ಲ. ಚೀಲ ತೆಗೆದುಕೊಂಡು ಹೊರಟುಹೋದಳು.

ಹನ್ನೊಂದು ದಿನ ಅವಳು ನಮ್ಮ ಬೀದಿಯಲ್ಲಿ ನಡೆಯಲಿಲ್ಲ. ಹಿಂದಿನ ಓಣಿಯಿಂದ ಸುತ್ತುಹಾಕಿ ಕೆಲಸಕ್ಕೆ ಹೋಗುತ್ತಿದ್ದಳು. ಆರು ಗಂಟೆಗೆ ನನ್ನ ಬೆಂಚು ಖಾಲಿ. ವಿಷಯ ಬೀದಿಗೆಲ್ಲ ಹಬ್ಬಿತು. ಹಳಬರು ಒಬ್ಬೊಬ್ಬರೇ ನನ್ನ ಅಂಗಡಿಗೆ ಬಂದು ಕಣ್ಣು ತಗ್ಗಿಸಿ ನಿಲ್ಲತೊಡಗಿದರು. ಚಪ್ಪಲಿ ತಾತನಿಗೆ ಮಾತ್ರ ಸಿಟ್ಟು. ‘ಅವರಮ್ಮ ಕೇಳಿದ್ಲು ಅಂತ ನಲವತ್ತು ವರ್ಷ ನಾಟಕ ಆಡೋದಕ್ಕೆ ನಾನೇನು ಕಂಪನಿ ನಟನಾ? ನಮ್ಮ ಬಾಡಿಗೆ ಮನೆ ಮಾಲೀಕನ ಜೊತೆ ಚೆನ್ನಾಗಿರು ಅಂತ ನನ್ನ ಹೆಂಡತಿ ಅಷ್ಟೇ ವರ್ಷದಿಂದ ಕೇಳ್ತಿದ್ದಾಳೆ, ಒಂದಿನಕ್ಕಾದ್ರೂ ಆಯ್ತಾ? ಕೇಳಿದ ಮಾತ್ರಕ್ಕೆ ಯಾರಾದ್ರೂ ಇಷ್ಟ ಆಗ್ತಾರಾ?’

ಹನ್ನೆರಡನೇ ದಿನ ಅವಳೇ ಬಂದಳು. ಕೂರಲಿಲ್ಲ. ‘ಬನ್ ಯಾವಾಗ ನಿಂತಿತು?’ ಎಂದಳು.

ನಾನು ಅದನ್ನೇ ಹನ್ನೊಂದು ದಿನದಿಂದ ಯೋಚಿಸುತ್ತಿದ್ದೆ. ‘ಬೇಕರಿಗೆ ಹೊಸ ಯಜಮಾನ ಬಂದಾಗ. ಉಳಿದದ್ದನ್ನ ಮನೆಗೆ ಒಯ್ಯೋ ಹಾಗಿಲ್ಲ ಅಂದ. ಆಗ ನನಗೆ ಹತ್ತು ವರ್ಷ.’

‘ಅಂದ್ರೆ ಮೂರು ವರ್ಷ ಬನ್ನಿಗೆ ಬಂದೆ.’

‘ಇರಬಹುದು.’

‘ಉಳಿದ ಮೂವತ್ತಾರು ವರ್ಷ ಯಾಕೆ ಬಂದೆ?’

ಬೇರೆ ಯಾರಾದರೂ ಆಗಿದ್ದರೆ ಏನಾದರೂ ಚೆಂದದ ಮಾತು ಹೇಳಿ ತಬ್ಬಿಕೊಳ್ಳುತ್ತಿದ್ದೆ. ಅವಳಿಗೆ ತಬ್ಬಿದರೆ ಆಗದು, ಚೆಂದದ ಮಾತೂ ಆಗದು. ‘ಗೊತ್ತಿಲ್ಲ. ನಿಲ್ಲಿಸಬೇಕು ಅಂತ ಅನ್ನಿಸಲೇ ಇಲ್ಲ’ ಎಂದೆ.

ಅವಳ ಬೆರಳು ಒಮ್ಮೆ ಹೋಗಿ ವಾಪಸ್ಸು ಬಂದವು. ‘ಸರಿ’ ಎಂದು ಕೂತಳು.

ಅಮ್ಮನ ಮೇಲೆ ಅವಳಿಗೆ ಕೋಪ ಇಳಿಯಲಿಲ್ಲ. ಆದರೆ ನಾನು ಎಣಿಸಿದ್ದ ಕಾರಣಕ್ಕಲ್ಲ. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಹಾಸಿಗೆ ಸರಿಮಾಡುತ್ತ ನನ್ನೆದುರಿಗೇ ಹೇಳಿದಳು: ‘ಬೀಗ ಹಾಕಿದ್ದು ಹನ್ನೊಂದು ವರ್ಷದ ಹುಡುಗಿ. ಅವಳ ಮೇಲೆ ನನಗೆ ಕೋಪ ಇಲ್ಲ. ಬೀದಿಯವರನ್ನ ಕೇಳ್ಕೊಂಡದ್ದಕ್ಕೂ ಇಲ್ಲ, ಅದರಿಂದ ನಾನು ಮಾತು ಕಲಿತೆ. ಮಾವನನ್ನ ನನ್ನಿಂದ ಮೂವತ್ತೊಂಬತ್ತು ವರ್ಷ ಬಚ್ಚಿಟ್ಟದ್ದು ದೊಡ್ಡ ಹೆಂಗಸು. ಅದಕ್ಕೆ ಕೋಪ ಇದೆ. ಎಷ್ಟು ದಿನ ಇರುತ್ತೋ ಹೇಳಕ್ಕಾಗಲ್ಲ.’

‘ಅವನನ್ನ ನೋಡಿದ್ರೆ ನೀನು ಹೆದರ್ಕೋತೀಯ ಅಂತ’ ಎಂದರು ಅಮ್ಮ.

‘ಹೆದರ್ಕೊಂಡೆ. ಈಗಲೂ ಹೆದರ್ಕೊಂಡೆ. ಆರು ವರ್ಷಕ್ಕೇ ನೋಡಿದ್ದಿದ್ರೆ ಇಷ್ಟೊತ್ತಿಗೆ ಅವರ ಪಕ್ಕ ಕೂತಿರ್ತಿದ್ದೆ.’

ಅಮ್ಮ ಗೋಡೆಯ ಕಡೆ ಹೊರಳಿ ಅತ್ತರು. ಯಾಕಮ್ಮ ನೀರು ತಂದಿಟ್ಟು ಕೆಲಸಕ್ಕೆ ಹೋದಳು.

ಗುರುವಾರಗಳು ಈಗ ಯಾಕಮ್ಮನವು. ತಲೆಗೂದಲನ್ನು ಬಿಗಿಯಾಗಿ ಕಟ್ಟಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಮಾವನಿಂದ ಮೂರು ಕುರ್ಚಿ ದೂರದಲ್ಲಿ ಕೂತು ಆ ವಾರ ಮಾಡಿದ ಹಲ್ಲುಗಳ ಬಗ್ಗೆ ಹೇಳುತ್ತಾಳೆ. ಮೇಲ್ವಿಚಾರಕಿಯಿಂದ ಹಿಡಿದು ನೆಲ ಒರೆಸುವವರವರೆಗೆ ಪ್ರತಿಯೊಬ್ಬರ ಹತ್ತಿರ ಹೋಗಿ, ಇವರೆದುರು ಕೈ ಎತ್ತಬೇಡಿ, ತಟ್ಟೆಯನ್ನು ಬದಿಯಿಂದ ಕೆಳಮಟ್ಟದಲ್ಲಿ ಇಡಿ, ಕೇಳಿದ ಮೇಲೆ ಕಾಯಿರಿ ಎಂದು ಕೇಳಿಕೊಂಡಿದ್ದಾಳೆ. ಮಾವ ಈಗ ಊಟ ಮಾಡುತ್ತಿದ್ದಾರೆ. ಮಾತು ಬಂದಿಲ್ಲ. ಬರುವುದೆಂದು ಅವಳೂ ಹೇಳುವುದಿಲ್ಲ. ಆ ಹಲ್ಲುಗಳನ್ನು ಸರಿಮಾಡಬಹುದಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, ‘ಅವರ ಬಾಯಿಗೆ ಇನ್ನು ಯಾರ ಕೈಯೂ ಹೋಗಬಾರದು’ ಎಂದು ಗದರಿದಳು. ಒಂದು ದಿನ ಕಿಟಕಿಯಾಚೆ ಹಕ್ಕಿ ಕೂತಾಗ ಅವರೇ ಎದ್ದು ಬಂದು ಅವಳ ತೋಳು ತಟ್ಟಿ ತೋರಿಸಿದರಂತೆ. ಅದನ್ನು ಹೇಳಲು ಅವಳು ಬಸ್ ನಿಲ್ದಾಣದಿಂದ ನನ್ನ ಅಂಗಡಿಯವರೆಗೆ ಓಡಿ ಬಂದಿದ್ದಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಸಮಾಧಾನದಿಂದ ಹೇಳುತ್ತಿದ್ದೆನೇನೋ. ಒಂದು ಮಧ್ಯಾಹ್ನ ಹಾಸಿಗೆ ಹೊದಿಕೆ ಇಸ್ತ್ರಿ ಮಾಡುತ್ತಿದ್ದೆ. ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳು ಒಬ್ಬರ ನಡಿಗೆಯನ್ನು ಇನ್ನೊಬ್ಬರು ಅಣಕಿಸುತ್ತ ಹೋದರು. ತುದಿಗಾಲಲ್ಲಿ, ಕೈ ಅಲ್ಲಾಡಿಸುತ್ತ. ಆ ನಡಿಗೆ ನನಗೆ ಗೊತ್ತಿತ್ತು. ಅಣಕಿಸಿ ಗೊತ್ತಿತ್ತು.

ಮೂಲೆಮನೆಯಲ್ಲಿ ಒಬ್ಬ ಹುಡುಗಿ ಇದ್ದಳು. ನಮ್ಮದೇ ವಯಸ್ಸು. ತುದಿಗಾಲಲ್ಲಿ ನಡೆಯುತ್ತಿದ್ದಳು, ಕರೆದರೆ ತಿರುಗುತ್ತಿರಲಿಲ್ಲ. ಅವಳಿಗೆ ‘ಕೀಲಿಗೊಂಬೆ’ ಎಂದು ಹೆಸರಿಟ್ಟವಳು ನಾನೇ. ಹಿಂದಿನಿಂದ ಹೋಗಿ ಮುಟ್ಟಿ ಓಡುತ್ತಿದ್ದೆವು, ಅವಳು ಕಿರುಚಿದರೆ ನಗು. ಅಂಗಡಿಗಳವರು ಅವಳನ್ನು ನೊಣ ಓಡಿಸಿದ ಹಾಗೆ ಓಡಿಸುತ್ತಿದ್ದರು. ನಮ್ಮಪ್ಪನೂ. ಎರಡು ವರ್ಷ ಹೊರಗೆ ಕಾಣಿಸಿಕೊಂಡಳು, ಆಮೇಲೆ ಕಿಟಕಿಯಲ್ಲಿ ಮಾತ್ರ, ಆಮೇಲೆ ಅಲ್ಲೂ ಇಲ್ಲ. ಒಂದು ಬೇಸಿಗೆಯಲ್ಲಿ ಆ ಮನೆಯವರು ಗಾಡಿಗೆ ಸಾಮಾನು ಹೇರಿ ಹೊರಟುಹೋದರು. ಇದೇ ಬೀದಿ! ಅದೇ ವರ್ಷಗಳು, ಅದೇ ಜನ! ಯಾಕಮ್ಮನ ಕೈಹಿಡಿದ ಕೈಯಲ್ಲೇ ನಾನು ಅವಳನ್ನು ಚಿವುಟಿದ್ದೆ.

ಸುಟ್ಟ ವಾಸನೆ ಬಂದಾಗ ನೋಡಿದರೆ ಹೊದಿಕೆಯಲ್ಲಿ ಅಂಗೈಯಗಲ ತೂತು.

ಸಂಜೆ ಯಾಕಮ್ಮ ಬಂದಾಗ ಹೇಳಿದೆ.

‘ನೆನಪಿದೆ’ ಎಂದಳು. ‘ನಾನೂ ನಗ್ತಿದ್ದೆ. ನೀನು ಏನು ಮಾಡ್ತೀಯೋ ಅದನ್ನೇ ಮಾಡು ಅಂತ ಅಮ್ಮ ಹೇಳಿಕೊಟ್ಟಿದ್ಲು. ನೀನು ನಕ್ಕಾಗ ನಕ್ಕೆ. ಅದೂ ಕಲಿತದ್ದೇ.’

ಇಬ್ಬರೂ ಎದ್ದು ಚಪ್ಪಲಿ ತಾತನ ಹತ್ತಿರ ಹೋದೆವು. ಮೂಲೆಮನೆಯವರು ಎಲ್ಲಿಗೆ ಹೋದರು, ಗೊತ್ತೇ ಎಂದು ಕೇಳಿದೆವು. ಅವನಿಗೆ ನೆನಪು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ‘ಓ, ಆ ಹುಚ್ಚುಹುಡುಗಿ ಮನೆಯವರಾ? ಎಲ್ಲಿಗೆ ಹೋದ್ರೋ, ಯಾರಿಗೆ ಗೊತ್ತು.’

‘ತಾತ, ಅವಳು ನನ್ನ ಹಾಗೇ ಇದ್ದಳು’ ಎಂದಳು ಯಾಕಮ್ಮ. ‘ನನ್ನನ್ನ ಕೂರಿಸಿ ದಾರಕ್ಕೆ ಮೇಣ ಹಚ್ಚೋದು ಕಲಿಸಿದ್ರಿ. ಅವಳಿಗೆ ಯಾಕೆ ನೀರು ಎರಚಿದ್ರಿ?’

‘ಅವರಮ್ಮ ಬಂದು ಕೇಳಲೇ ಇಲ್ವಲ್ಲಮ್ಮ’ ಎಂದ ತಾತ.

ಅಂದವನು ತನ್ನ ಮಾತು ತಾನೇ ಕೇಳಿಸಿಕೊಂಡ. ಕೈಯಲ್ಲಿದ್ದ ದಬ್ಬಳ ನೆಲಕ್ಕೆ ಬಿತ್ತು. ಯಾಕಮ್ಮ ಅವನ ಎದುರಿಗೆ ನಿಂತು, ಉತ್ತರಕ್ಕೆ ಹತ್ತು ಎಣಿಸುವವಳ ಹಾಗೆ ಕಾಯುತ್ತಿದ್ದಳು. ನಾನು ಬಗ್ಗಿ ದಬ್ಬಳ ಹೆಕ್ಕಿ ಅವನ ಪೆಟ್ಟಿಗೆಯ ಮೇಲಿಟ್ಟೆ.